ಕನ್ನಡಿಯಿಲ್ಲದ ಕ್ಯಾಮರಾ

ಸ್ಮರಣ ಸಂಚಿಕೆಗಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡಾಗ, ಶಾಲೆಯ ಹಳೆಯ ದಿನಗಳ ವಿಷಯವಾಗಿ ಬರೆಯಲು ನಮಗಿಂತ ಹಿರಿಯರೂ ಯೋಗ್ಯರೂ ಆದ ಸೋದರಿಯರು ಬಹುಮಂದಿ ಇರುವರೆಂದು ಅರಿಕೆ ಮಾಡಿಕೊಂಡೆವು. ಆದರೆ ವಾರ್ಷಿಕೋತ್ಸವ, ಆಟೋಟದ ದಿನ ಮುಂತಾದ ಸಂದರ್ಭಗಳಲ್ಲಿ ಪಟ ತೆಗೆಯುವ ಕೆಲಸವು ಕೆಲವು ವರ್ಷಗಳಿಂದ ನಮ್ಮ ಪಾಲಿಗೆ ಬಂದಿರುವುದು. ಹಳೆಯ ವಿದ್ಯಾರ್ಥಿನಿಯರು ತಮ್ಮತಮ್ಮ ಶಕ್ತ್ಯನುಸಾರ ಹಣ ಕೂಡಿಸಿ, ಶಾಲೆಗೆ ಒಂದು ಕ್ಯಾಮರಾವನ್ನು ಒದಗಿಸುವ ನಿಶ್ಚಯ ಮಾಡಿ, ಅದನ್ನು ಆರಿಸುವ ಭಾರವನ್ನೂ ನಮ್ಮ ಮೇಲೆಯೇ ಹೊರಿಸಿದರು. ಆ ಹಣದಲ್ಲಿ ವಿದೇಶದಲ್ಲಿರುವವರ ದೊಡ್ಡ ಕಾಣಿಕೆಯೂ ಉಂಟು. ಬಟ್ಟೆ ಹೊಲಿದು ಜೀವನ ಸಾಗಿಸುವ ಸೋದರಿಯೊಬ್ಬಳು ಮೂರು ಕಂತುಗಳಲ್ಲಿ ಕಳುಹಿಸಿದ ಸಣ್ಣ ಮೊತ್ತವೂ ಉಂಟು. ಆದುದರಿಂದ ಯಾವುದನ್ನು ಕೊಂಡೆವು, ಏತಕ್ಕಾಗಿ ಕೊಂಡೆವು, ಯಾವುದನ್ನು ಬೇಡವೆಂದೆವು ಎಂಬುದನ್ನು ಇಲ್ಲಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. "ಮಗಳಿಗೆ ಯಾವ ಕ್ಯಾಮರಾ ಕೊಡಿಸೋಣ?" ಎಂದು ನಮ್ಮನ್ನು ಕೇಳುತ್ತಿರುವ ತಂದೆತಾಯಿಗಳಿಗೂ ಇದರಿಂದ ಸ್ವಲ್ಪ ಪ್ರಯೋಜನವಾದೀತು.

ಮೊದಲು ಹೆಸರಿನ ಮಾತು. ಈಗ ಅಂಗಡಿಗಳಲ್ಲಿ 'ಮಿರರ್‌ಲೆಸ್' ಎಂದು ಕರೆಯುವ ಕ್ಯಾಮರಾ ಎಂದರೆ ಕನ್ನಡಿಯಿಲ್ಲದ ಕ್ಯಾಮರಾ. ಕನ್ನಡಿಯಿಲ್ಲದಿರುವುದು ಒಂದು ಹೊಸ ಸಂಗತಿಯೇನೂ ಅಲ್ಲ. 1900ರಲ್ಲಿ ಒಂದು ಡಾಲರಿಗೆ ಮಾರಾಟವಾದ ಕೊಡಾಕ್ ಬ್ರೌನಿ ಪೆಟ್ಟಿಗೆಯಲ್ಲಿಯೂ, 1925ರಲ್ಲಿ ಪೇಟೆಗೆ ಬಂದ ಲೈಕಾದಲ್ಲಿಯೂ ಲೆನ್ಸಿನ ಹಿಂದೆ ಏಳುವ ಬೀಳುವ ಕನ್ನಡಿ ಇರಲಿಲ್ಲ. ಲೆನ್ಸು ಏನನ್ನು ಕಾಣುತ್ತದೆಯೋ ಅದನ್ನೇ ಕಣ್ಣೂ ಕಾಣಬೇಕೆಂಬ ಆಸೆಯಿಂದ ಕನ್ನಡಿಯನ್ನು ಒಳಗೆ ಇಟ್ಟರು. 1959ರಲ್ಲಿ ನಿಕಾನ್ ಎಫ್ ಬಂದ ಮೇಲೆ ಸುಮಾರು ಅರ್ಧ ಶತಮಾನದ ಕಾಲ ವೃತ್ತಿಗಾರರ ಕೈಯಲ್ಲಿ ಹೆಚ್ಚಾಗಿ ಕನ್ನಡಿಯ ಕ್ಯಾಮರಾವೇ ಇದ್ದಿತು. ಗುಂಡಿಯನ್ನೊತ್ತಿದಾಗ ಕನ್ನಡಿ ಮೇಲೆದ್ದು ಬೆಳಕಿಗೆ ದಾರಿ ಬಿಟ್ಟು ಮರಳಿ ಕೆಳಗೆ ಬೀಳುವುದು; ನಮ್ಮ ಮದುವೆಮನೆಗಳಲ್ಲಿ ಕೇಳಿಬರುತ್ತಿದ್ದ 'ಟಕ್' ಎಂಬ ಸದ್ದಿನಲ್ಲಿ ಅದರ ಪಾಲು ದೊಡ್ಡದು.

2008ರಲ್ಲಿ ಪ್ಯಾನಸೋನಿಕ್ ಕಂಪನಿಯ ಜಿ1 ಎಂಬ ಕ್ಯಾಮರಾ ಆ ಕನ್ನಡಿಯನ್ನು ತೆಗೆದುಹಾಕಿತು. ಸೆನ್ಸರಿನ ಮೇಲೆ ಬಿದ್ದ ಬಿಂಬವನ್ನೇ ಒಂದು ಸಣ್ಣ ವಿದ್ಯುತ್ ಪರದೆಯಲ್ಲಿ ಮೂಡಿಸಿ ಕಣ್ಣಿಗೆ ತೋರಿಸುವುದೇ ಇದರ ರಹಸ್ಯ. 2013ರಲ್ಲಿ ಸೋನಿಯವರು ಹಳೆಯ ಫಿಲ್ಮಿನ ಅಳತೆಯ ಸೆನ್ಸರನ್ನು ಇಂತಹ ಕ್ಯಾಮರಾದಲ್ಲಿ ಕೂಡಿಸಿದರು; 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಕಂಪನಿಗಳೂ ಅದೇ ದಾರಿ ಹಿಡಿದವು. ಕನ್ನಡಿ ಹೋದುದರಿಂದ ಲೆನ್ಸು ಸೆನ್ಸರಿಗೆ ಬಹಳ ಹತ್ತಿರ ಬಂದಿತು. ನಿಕಾನಿನ ಹಳೆಯ ಎಫ್ ಮೌಂಟಿನಲ್ಲಿ 46.5 ಮಿಲಿಮೀಟರು ಇದ್ದ ಅಂತರವು ಹೊಸ ಜ಼ೆಡ್ ಮೌಂಟಿನಲ್ಲಿ 16 ಮಿಲಿಮೀಟರಿಗೂ, ಕ್ಯಾನನ್ನಿನಲ್ಲಿ 44 ಇದ್ದುದು 20ಕ್ಕೂ ಇಳಿದಿದೆ. ಇದರ ಫಲವಾಗಿ, ಹಳೆಯ ಲೆನ್ಸಿನ ಹಿಂದೆ ಅಡಾಪ್ಟರೆಂಬ ಟೊಳ್ಳು ಬಳೆಯನ್ನು ಸೇರಿಸಿ, ತಪ್ಪಿಹೋದ ಅಂತರವನ್ನು ತುಂಬಿ, ಅಜ್ಜನ ಕಾಲದ ಲೆನ್ಸನ್ನೂ ಮೊಮ್ಮಗಳ ಕ್ಯಾಮರಾದಲ್ಲಿ ಉಪಯೋಗಿಸಲು ಸಾಧ್ಯವಾಗಿದೆ. ಮನೆಯ ಕಪಾಟಿನಲ್ಲಿ ಅಂತಹ ಲೆನ್ಸು ಉಳ್ಳವರು ಅದನ್ನು ಗುಜರಿಗೆ ಹಾಕುವುದಕ್ಕೆ ಮುಂಚೆ ಎರಡು ಸಲ ಆಲೋಚಿಸಬೇಕು. ಫೋಕಸನ್ನು ಕೈಯಿಂದಲೇ ತಿರುಗಿಸಬೇಕಾಗುವುದು ನಿಜ. ಆದರೆ ಪರದೆಯಲ್ಲಿ ಬಿಂಬವನ್ನು ಹಿಗ್ಗಿಸಿ ನೋಡಬಹುದಾದ್ದರಿಂದ ಅದು ಈಗ ಕಷ್ಟದ ಕೆಲಸವಲ್ಲ.

ಕ್ಯಾಮರಾವನ್ನು ಆರಿಸುವ ಸಲುವಾಗಿ ಸೇರಿದ ಸಭೆಯಲ್ಲಿ ಚರ್ಚೆಯು ಬಿರುಸಾಗಿಯೇ ನಡೆಯಿತು. ಕೊಡುವುದಾದರೆ ಅತ್ಯುತ್ತಮವಾದುದನ್ನೇ ಕೊಡಬೇಕು, ದೊಡ್ಡ ಸೆನ್ಸರಿನ, ಅತಿ ಹೆಚ್ಚು ಮೆಗಾಪಿಕ್ಸೆಲ್ಲಿನ ದೇಹವನ್ನೇ ಕೊಳ್ಳಬೇಕು ಎಂಬುದು ಕೆಲವರ ಅಭಿಪ್ರಾಯ. ಅವರ ಪ್ರೀತಿಯನ್ನು ನಾವು ಗೌರವಿಸಿದೆವು. ಆದರೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆವು. 24 ಮೆಗಾಪಿಕ್ಸೆಲ್ಲಿನ ಪಟವೆಂದರೆ ಅಗಲಕ್ಕೆ 6000, ಎತ್ತರಕ್ಕೆ 4000 ಚುಕ್ಕೆಗಳು. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕೆಗಳು ಸಾಕು. ಹಾಗಾದರೆ ಆ ಪಟವು 20 ಅಂಗುಲ ಅಗಲ, 13 ಅಂಗುಲ ಎತ್ತರಕ್ಕೆ ಯಾವ ಕುಂದೂ ಇಲ್ಲದೆ ಅಚ್ಚಾಗುವುದು. ಓದುಗರ ಕೈಯಲ್ಲಿರುವ ಈ ಸಂಚಿಕೆಯ ಪುಟವು ಅದರ ಅರ್ಧವೂ ಇಲ್ಲ. ಯಾರೂ ನೋಡದ ಚುಕ್ಕೆಗಳಿಗಾಗಿ ಹಣ ತೆರುವುದು ಕನ್ನಡಿಯೊಳಗಿನ ಗಂಟಿಗೆ ಕೈ ನೀಡಿದಂತೆಯೇ ಸರಿ.

ಸೆನ್ಸರಿನ ಗಾತ್ರದ ವಿಷಯದಲ್ಲಿಯೂ ಹೀಗೆಯೇ. ಪೂರ್ಣ ಅಳತೆಯದು 36ಕ್ಕೆ 24 ಮಿಲಿಮೀಟರು. ನಡುವಣ ಎಪಿಎಸ್‌ಸಿ ಎಂಬುದು ಸುಮಾರು 23.5ಕ್ಕೆ 15.6, ಮೈಕ್ರೋ ಫೋರ್ ಥರ್ಡ್ಸ್ ಎಂಬುದು 17.3ಕ್ಕೆ 13. ದೊಡ್ಡ ಸೆನ್ಸರು ಒಟ್ಟಿನಲ್ಲಿ ಹೆಚ್ಚು ಬೆಳಕನ್ನು ಕೂಡಿಸಿಕೊಳ್ಳುವುದರಿಂದ ಮಬ್ಬಿನಲ್ಲಿ ಪಟವು ಹೆಚ್ಚು ನಯವಾಗಿ ಬರುವುದು. ಆದರೆ ಅದಕ್ಕೆ ತಕ್ಕ ಲೆನ್ಸುಗಳೂ ದೊಡ್ಡವು, ಭಾರವಾದವು, ಬೆಲೆಯುಳ್ಳವು. ನಾವು ನಡುವಣ ಅಳತೆಯನ್ನು ಆರಿಸಿದೆವು. ಶಾಲೆಯ ಕ್ಯಾಮರಾವನ್ನು ಹಿಡಿಯತಕ್ಕವರು ಎಂಟು, ಒಂಬತ್ತು, ಹತ್ತನೆಯ ತರಗತಿಯ ಹುಡುಗಿಯರು. ಅಂಗಡಿಗೆ ಹೋಗುವಾಗ ಅವರಲ್ಲಿ ಮೂವರನ್ನು ಕರೆದುಕೊಂಡು ಹೋಗಿ, ಒಂದೊಂದು ದೇಹವನ್ನೂ ಅವರ ಕೈಗೆ ಕೊಟ್ಟು, ಹೆಬ್ಬೆರಳು ಗುಂಡಿಗಳನ್ನು ಮುಟ್ಟುತ್ತದೆಯೋ, ಕಾಲು ಗಂಟೆ ಹಿಡಿದರೆ ಮಣಿಕಟ್ಟು ನೋಯುತ್ತದೆಯೋ ಎಂದು ಪರೀಕ್ಷಿಸಿದೆವು. ಪಾದರಕ್ಷೆಯನ್ನು ಕೊಳ್ಳುವಾಗ ಕಾಲಿಗೆ ಹಾಕಿ ನೋಡುವಂತೆ ಕ್ಯಾಮರಾವನ್ನೂ ಕೈಗೆ ಹಾಕಿ ನೋಡಬೇಕು. ಕಂಪನಿಯ ಹೆಸರು ಆಮೇಲಿನದು.

ದೇಹವನ್ನು ಮಧ್ಯಮ ಬೆಲೆಯದಾಗಿ ಕೊಂಡುದರಿಂದ ಉಳಿದ ಹಣವೆಲ್ಲ ಲೆನ್ಸಿಗೆ ದೊರಕಿತು. ಕ್ಯಾಮರಾ ಕೊಳ್ಳುವವರೆಲ್ಲರಿಗೂ ನಾವು ಹೇಳುವ ಮುಖ್ಯ ಮಾತು ಇದೇ. ದೇಹವು ಕೆಲವೇ ವರ್ಷಗಳಲ್ಲಿ ಹಳೆಯದೆನಿಸಿ ಬೆಲೆ ಕಳೆದುಕೊಳ್ಳುವುದು. ಒಳ್ಳೆಯ ಲೆನ್ಸು ಮನೆಯ ಒರಳುಕಲ್ಲಿನಂತೆ ತಲೆಮಾರು ಬಾಳುವುದು. ದೇಹದ ಸಂಗಡ ಸಾಮಾನ್ಯವಾಗಿ ಬರುವ ಜ಼ೂಮ್ ಲೆನ್ಸು ಹಗಲಿನಲ್ಲಿ ಅಂಗಳದ ಕೆಲಸಕ್ಕೆ ಸಾಕು. ಆದರೆ ಅದನ್ನು ಮುಂದಕ್ಕೆ ಚಾಚಿದಾಗ ಅದರ ಬಾಯಿ ಎಫ್/5.6ಕ್ಕೋ ಅದಕ್ಕಿಂತಲೂ ಚಿಕ್ಕದಕ್ಕೋ ಇಳಿಯುವುದು. ಎಫ್ ಸಂಖ್ಯೆ ಹೆಚ್ಚಿದಷ್ಟೂ ಬಾಯಿ ಕಿರಿದು ಎಂಬುದನ್ನು ನೆನಪಿನಲ್ಲಿಡಬೇಕು. ಎಫ್/1.8ರ ಲೆನ್ಸು ಎಫ್/5.6ಕ್ಕಿಂತ ಸುಮಾರು ಹತ್ತರಷ್ಟು ಬೆಳಕನ್ನು ಒಳಗೆ ಬಿಡುತ್ತದೆ. ನಮ್ಮ ಸಭಾಭವನದ ಬೆಳಕಿನಲ್ಲಿ ನಾಟಕವಾಡುವ ಹುಡುಗಿಯರ ಪಟಕ್ಕೆ ಈ ಹತ್ತರಷ್ಟೇ ಜೀವಾಳ. ಆದುದರಿಂದ 35 ಮಿಲಿಮೀಟರಿನ ಎಫ್/1.8 ಲೆನ್ಸೊಂದನ್ನು ಕೊಂಡೆವು. ನಡುವಣ ಸೆನ್ಸರಿನಲ್ಲಿ ಒಂದೂವರೆ ಪಟ್ಟು ಲೆಕ್ಕ ಹಿಡಿಯಬೇಕಾದ್ದರಿಂದ ಅದು ಪೂರ್ಣ ಅಳತೆಯ 52 ಮಿಲಿಮೀಟರಿಗೆ ಸಮ. ಹಿರಿಯರು 'ನಾರ್ಮಲ್' ಎಂದು ಕರೆಯುತ್ತಿದ್ದ ಲೆನ್ಸು ಅದೇ. ಅದು ಜ಼ೂಮ್ ಆಗುವುದಿಲ್ಲವೆಂದು ಹುಡುಗಿಯರು ಮೊದಲು ಮುಖ ಸಣ್ಣದು ಮಾಡಿದರು. "ಜ಼ೂಮ್ ನಿಮ್ಮ ಕಾಲುಗಳಲ್ಲಿದೆ, ನಾಲ್ಕು ಹೆಜ್ಜೆ ಮುಂದೆ ಹೋಗಿರಿ" ಎಂದೆವು. ಹತ್ತಿರ ಹೋಗಿ ಮಾತನಾಡಿಸಿದ ಮೇಲೆ ತೆಗೆದ ಪಟಕ್ಕೂ, ದೂರದಿಂದ ಕದ್ದು ತೆಗೆದ ಪಟಕ್ಕೂ ಎಷ್ಟು ಅಂತರವಿದೆಯೆಂಬುದನ್ನು ಅವರು ತಾವಾಗಿಯೇ ಕಂಡುಕೊಂಡರು.

ಎರಡನೆಯ ಲೆನ್ಸು ಮ್ಯಾಕ್ರೋ ಎಂಬುದು. ಹೂವಿನ ಕೇಸರವನ್ನೂ ಇರುವೆಯ ಮೀಸೆಯನ್ನೂ ತೋರಿಸುವ ಈ ಲೆನ್ಸು ಶಾಲೆಗೇಕೆಂದು ಹಲವರು ಕೇಳಿದರು. ನಮ್ಮ ಉತ್ತರವಿದ್ದುದು ಕಚೇರಿಯ ಕಪಾಟಿನಲ್ಲಿ. ಅಲ್ಲಿ ಹತ್ತಾರು ವರ್ಷಗಳ ಗುಂಪುಪಟಗಳಿವೆ. ಕೆಲವಕ್ಕೆ ಗೆದ್ದಲು ಹಿಡಿದಿದೆ, ಕೆಲವು ಗಾಜಿಗೆ ಅಂಟಿಕೊಂಡಿವೆ, ಹಲವು ಚಹಾದ ಬಣ್ಣಕ್ಕೆ ತಿರುಗಿವೆ. ಅವುಗಳ ಪ್ರತಿ ತೆಗೆಯುವುದಕ್ಕೆ ಮ್ಯಾಕ್ರೋ ಲೆನ್ಸಿಗಿಂತ ತಕ್ಕದ್ದು ಬೇರೆ ಇಲ್ಲ. ಪಟವನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ, ನೇರ ಬಿಸಿಲು ಬೀಳದಂತೆ ಇಟ್ಟು, ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಕೆಳಮುಖವಾಗಿ ನಿಲ್ಲಿಸಬೇಕು. ಎರಡೂ ಒಂದಕ್ಕೊಂದು ಸಮಾನಾಂತರವಾಗಿವೆಯೇ ಎಂದು ತಿಳಿಯಲು ಪಟದ ನಡುವೆ ಒಂದು ಚಿಕ್ಕ ಕನ್ನಡಿಯನ್ನಿಟ್ಟು ನೋಡಬೇಕು. ಲೆನ್ಸಿಗೆ ತನ್ನದೇ ಮುಖವು ಪರದೆಯ ನಟ್ಟನಡುವೆ ಕಂಡರೆ ಎಲ್ಲವೂ ಸರಿಯಾಗಿದೆಯೆಂದು ಅರ್ಥ. ಕನ್ನಡಿಯಿಲ್ಲದ ಕ್ಯಾಮರಾಕ್ಕೂ ಹೀಗೆ ಕನ್ನಡಿಯ ಋಣ ಪೂರ್ತಿಯಾಗಿ ಹರಿದಿಲ್ಲ. ಅನಂತರ ಎಫ್/8ರಲ್ಲಿಟ್ಟು, ಕೈ ತಾಗಿ ಅಲುಗದಂತೆ ಎರಡು ಸೆಕೆಂಡಿನ ಟೈಮರಿನಿಂದ ಪಟ ತೆಗೆಯುವುದು. ಅದೇ ಮ್ಯಾಕ್ರೋ ಲೆನ್ಸು ಮುಖಚಿತ್ರಕ್ಕೂ ಬಹು ಸೊಗಸಾಗಿ ಒದಗುವುದರಿಂದ ಒಂದೇ ಖರ್ಚಿನಲ್ಲಿ ಎರಡು ಕೆಲಸವಾಯಿತು.

ಈ ಕೆಲಸದ ನಡುವೆ ನಡೆದ ಒಂದು ಸಂಗತಿಯನ್ನು ಹೇಳದಿರಲಾರೆವು. ನಮ್ಮ ಹಾಸ್ಟೆಲಿನಲ್ಲಿ ಬಹುಕಾಲ ಅಡಿಗೆ ಮಾಡುತ್ತಿದ್ದ ಅಜ್ಜಿಯನ್ನು ಅಲ್ಲಿ ಉಂಡು ಬೆಳೆದ ಯಾರೂ ಮರೆತಿರಲಾರರು. ಆಕೆಯ ಮೊಮ್ಮಗಳು ನಮ್ಮ ಶಾಲೆಯಲ್ಲಿಯೇ ಓದಿ ಈಗ ದಾದಿಯಾಗಿರುವಳು. ಅವಳು ಒಂದು ದಿನ ಬಂದು, "ಅಕ್ಕಾ, ಅಜ್ಜಿ ತೀರಿಕೊಂಡ ಮೇಲೆ ನೋಡಿದರೆ ಅವರ ಒಂದು ಪಟವೂ ನಮ್ಮ ಮನೆಯಲ್ಲಿಲ್ಲ. ಶಾಲೆಯಲ್ಲಿ ಏನಾದರೂ ಇದೆಯೇ?" ಎಂದಳು. ನಾವಿಬ್ಬರೂ ಕುಳಿತು ಮೂರು ಮಧ್ಯಾಹ್ನ ಹುಡುಕಿದೆವು. ಉಪಾಧ್ಯಾಯಿನಿಯರ ಪಟಗಳಿದ್ದವು, ಬಹುಮಾನ ಪಡೆದವರ ಪಟಗಳಿದ್ದವು, ಬಂದುಹೋದ ಅತಿಥಿಗಳ ಪಟಗಳಂತೂ ಹೇರಳವಾಗಿದ್ದವು. ಎರಡು ಹೊತ್ತು ಅನ್ನವಿಕ್ಕಿದ ಆಕೆಯನ್ನು ಯಾರೂ ಕುರ್ಚಿ ಹಾಕಿ ಕೂರಿಸಿ ಪಟ ತೆಗೆದಿರಲಿಲ್ಲ. ಕೊನೆಗೆ ಆಟದ ತಂಡವೊಂದರ ಪಟದ ಹಿನ್ನೆಲೆಯಲ್ಲಿ, ಅಡಿಗೆಮನೆಯ ಬಾಗಿಲಲ್ಲಿ, ಸೌಟು ಹಿಡಿದು ನಿಂತ ಒಂದು ಆಕೃತಿ ಕಂಡಿತು. ಮುಖದ ಅಗಲ ಮೂರು ಮಿಲಿಮೀಟರಿಗಿಂತ ಹೆಚ್ಚಿರಲಿಲ್ಲ.

ಅವಳು ತನ್ನ ಫೋನಿನಲ್ಲಿ ಅದರ ಪ್ರತಿ ತೆಗೆದುಕೊಂಡು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟಳು. ಅವರು ಕೃತಕ ಬುದ್ಧಿಯ ಯಂತ್ರದಿಂದ ಅದನ್ನು ತಿದ್ದಿ, ದೊಡ್ಡದು ಮಾಡಿ, ಚೌಕಟ್ಟು ಹಾಕಿ ಕೊಟ್ಟರು. ಕಣ್ಣು, ಮೂಗು, ತುಟಿ ಎಲ್ಲವೂ ಬಹು ಸ್ಫುಟ. ಬಣ್ಣವೂ ಎರಡು ಪಟ್ಟು ಬಿಳುಪು. ಅವಳು ಅದನ್ನು ನಮ್ಮ ಮುಂದಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆನ್ನಾಗಿದೆ ಅಕ್ಕಾ. ಆದರೆ ಇವರು ಯಾರೋ, ನಮ್ಮ ಅಜ್ಜಿ ಅಲ್ಲ" ಎಂದಳು.

ಮ್ಯಾಕ್ರೋ ಲೆನ್ಸು ಬಂದ ಮೇಲೆ ಆ ಪಟವನ್ನೇ ಮೊದಲು ಮೇಜಿನ ಮೇಲಿಟ್ಟೆವು. ವಸ್ತುವನ್ನು ಅದರ ನಿಜ ಅಳತೆಯಲ್ಲಿಯೇ ಸೆನ್ಸರಿನ ಮೇಲೆ ಮೂಡಿಸಬಲ್ಲ ಲೆನ್ಸಾದುದರಿಂದ, ಆ ಮೂರು ಮಿಲಿಮೀಟರು ಏಳುನೂರೈವತ್ತು ಚುಕ್ಕೆಗಳಷ್ಟು ಅಗಲವಾಯಿತು. ಆದರೆ ಕಾಗದದಲ್ಲಿ ಇಲ್ಲದುದನ್ನು ಯಾವ ಲೆನ್ಸೂ ತರಲಾರದು. ಮುಖವು ಮಸುಕಾಗಿಯೇ ಉಳಿಯಿತು. ಫಿಲ್ಮಿನ ಕಣಗಳು ಮರಳಿನಂತೆ ಕಂಡವು. ನಾವು ಏನನ್ನೂ ಸೇರಿಸದೆ, ಗೀರುಗಳನ್ನೂ ಅಳಿಸದೆ, ಬಾಗಿಲು, ಸೌಟು, ಮುಂದೆ ನಿಂತ ಹುಡುಗಿಯ ಭುಜ ಇವುಗಳೊಡನೆ ಹಾಗೆಯೇ ಅಚ್ಚು ಹಾಕಿಸಿ ಕೊಟ್ಟೆವು. ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ನೋಡಿ ಅವಳು ಕಣ್ಣೀರು ಹಾಕಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಪ್ರೀತಿಸಿದವರಿಗೆ ಅಷ್ಟೇ ಸಾಕು. ಕ್ಯಾಮರಾವು ಇದ್ದುದನ್ನು ಹೇಳತಕ್ಕ ಸಾಕ್ಷಿಯಾಗಿರಬೇಕೆಂಬ ನಮ್ಮ ನಂಬಿಕೆ ಅಂದು ದೃಢವಾಯಿತು.

ಆ ನಂಬಿಕೆಯಿಂದಲೇ ಇನ್ನೊಂದು ಮಾತು. ನಮ್ಮ ಹುಡುಗಿಯರ ಸಮವಸ್ತ್ರ ಬಿಳುಪು, ಬಿಸಿಲು ಪ್ರಖರ, ಮೈಬಣ್ಣ ನಾನಾ ಬಗೆ. ಕ್ಯಾಮರಾ ಬಿಳಿಯ ಬಟ್ಟೆಯನ್ನು ಕಂಡು ಬೆಳಕು ಹೆಚ್ಚಾಯಿತೆಂದು ಕಡಮೆ ಮಾಡುವುದು. ಆಗ ಕಪ್ಪು ಮೈಬಣ್ಣದ ಹುಡುಗಿಯ ಮುಖವು ನೆರಳಿನಲ್ಲಿ ಮುಳುಗಿಹೋಗುವುದು. ಕನ್ನಡಿಯ ಕ್ಯಾಮರಾದ ಕಿಂಡಿಯಲ್ಲಿ ಇದು ಪಟ ತೆಗೆದ ಮೇಲಷ್ಟೇ ತಿಳಿಯುತ್ತಿದ್ದಿತು. ಕನ್ನಡಿಯಿಲ್ಲದ ಕ್ಯಾಮರಾದಲ್ಲಿ ಪಟವು ಹೇಗೆ ಬರುವುದೆಂಬುದು ಮೊದಲೇ ಕಣ್ಣಿನ ಮುಂದೆ ಇರುವುದರಿಂದ, ತಿರುಗುಗುಂಡಿಯನ್ನು ಸ್ವಲ್ಪ ತಿರುಗಿಸಿ ಮುಖಕ್ಕೆ ಬೇಕಾದಷ್ಟು ಬೆಳಕು ಕೊಡಬಹುದು. ಅಥವಾ ಎಲ್ಲರನ್ನೂ ಬೇವಿನ ಮರದ ನೆರಳಿಗೆ ಕರೆಯಬಹುದು. ಮಗಳನ್ನು ಪಟದಲ್ಲಿ ಬೆಳ್ಳಗೆ ಮಾಡಿಕೊಡಿರೆಂದು ಕೇಳುವ ತಾಯಂದಿರಿಗೆ ನಾವು ವಿನಯದಿಂದ ಇಲ್ಲವೆನ್ನುತ್ತೇವೆ. ದೇವರು ಕೊಟ್ಟ ಬಣ್ಣವು ಅದಿರುವಂತೆಯೇ ಸುಂದರವಾಗಿ ಮೂಡುವಂತೆ ಬೆಳಕನ್ನು ಸರಿಪಡಿಸುವುದು ಪಟ ತೆಗೆಯುವವರ ಕೆಲಸ.

ಇನ್ನು ಬಳಕೆಯ ಕೆಲವು ಸೂಚನೆಗಳು. ಪ್ರಾರ್ಥನೆಯ ಹೊತ್ತಿನಲ್ಲಿಯೂ ಭಾಷಣದ ಹೊತ್ತಿನಲ್ಲಿಯೂ ಸದ್ದಿಲ್ಲದ ಷಟರನ್ನು ಉಪಯೋಗಿಸಬಹುದು. ಇದು ಈ ಕ್ಯಾಮರಾಗಳ ದೊಡ್ಡ ಗುಣ. ಆದರೆ ಕೋಲಾಟಕ್ಕೆ ಅದು ಸಲ್ಲದು. ಬಹುಪಾಲು ಕ್ಯಾಮರಾಗಳಲ್ಲಿ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ, ವೇಗವಾಗಿ ಚಲಿಸುವ ಕೋಲು ಬಿದಿರಿನಂತೆ ಬಾಗಿ ಕಾಣುವುದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದಾದ್ದರಿಂದ ಹಳೆಯ ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅವುಗಳ ಕೆಳಗೆ ಷಟರನ್ನು ನೂರರ ಒಂದು ಅಥವಾ ಐವತ್ತರ ಒಂದು ಸೆಕೆಂಡಿನಲ್ಲಿಟ್ಟರೆ ಪಟದಲ್ಲಿ ಪಟ್ಟೆಗಳು ಬೀಳುವುದಿಲ್ಲ. ಖೋಖೋ ಆಟಕ್ಕೆ ಐನೂರರ ಒಂದು ಸೆಕೆಂಡಿಗೆ ಕಡಮೆಯಾಗಬಾರದು. ಕೈನಡುಕವನ್ನು ತಡೆಯುವ ಯಂತ್ರವು ಓಡುವ ಹುಡುಗಿಯನ್ನು ನಿಲ್ಲಿಸಲಾರದು. ಮೂರು ಸಾಲಿನ ಗುಂಪುಪಟಕ್ಕೆ ಲೆನ್ಸಿನ ಬಾಯಿಯನ್ನು ಎಫ್/8ರ ಸುಮಾರಿಗೆ ಕಿರಿದು ಮಾಡಿದರೆ ಹಿಂದಿನ ಸಾಲಿನವರೂ ಸ್ಫುಟವಾಗುವರು. ಪರದೆಯು ಸದಾ ಉರಿಯುತ್ತಿರುವುದರಿಂದ ಬ್ಯಾಟರಿಯು ಬೇಗ ಬರಿದಾಗುವುದು, ಎರಡನೆಯದೊಂದು ಜೇಬಿನಲ್ಲಿರಲೇಬೇಕು.

ಕನ್ನಡಿ ಇಲ್ಲದ್ದರಿಂದ ಲೆನ್ಸು ಬಿಚ್ಚಿದೊಡನೆ ಹಲವು ಕ್ಯಾಮರಾಗಳಲ್ಲಿ ಸೆನ್ಸರು ಬಯಲಾಗುವುದು. ಆದುದರಿಂದ ಆಟದ ಬಯಲಿನ ಕೆಂಪು ಧೂಳಿನಲ್ಲಿ ಲೆನ್ಸು ಬದಲಿಸಬಾರದು. ಬದಲಿಸಲೇಬೇಕಾದರೆ ಗಾಳಿಗೆ ಬೆನ್ನು ಮಾಡಿ, ದೇಹವನ್ನು ಕೆಳಮುಖವಾಗಿ ಹಿಡಿದು ಬದಲಿಸಬೇಕು. ನಮ್ಮ ಕರಾವಳಿಯ ಮಳೆಗಾಲವಂತೂ ಲೆನ್ಸಿನ ಪರಮ ಶತ್ರು. ಜೂನಿನಿಂದ ಸೆಪ್ಟೆಂಬರಿನವರೆಗೆ ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಲೆನ್ಸಿಗೆ ಜೇಡರ ಬಲೆಯಂತೆ ಬೂಷ್ಟು ಹಿಡಿಯುವುದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ಲಿನ ಚೀಲ, ತೇವವನ್ನು ಅಳೆಯುವ ಒಂದು ಚಿಕ್ಕ ಗಡಿಯಾರ, ಇಷ್ಟಿದ್ದರೆ ಸಾಕು. ಮುಳ್ಳು 40ರಿಂದ 50ರ ನಡುವೆ ನಿಲ್ಲುವಂತೆ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಒಳ್ಳೆಯ ಔಷಧವೆಂದರೆ ವಾರಕ್ಕೊಮ್ಮೆ ಹೊರಗೆ ತೆಗೆದು ಉಪಯೋಗಿಸುವುದೇ.

ಪಟ ತೆಗೆಯುವುದು ಹೆಣ್ಣುಮಕ್ಕಳಿಗೆ ಏಕೆಂದು ಕೇಳುವವರು ಈಗ ವಿರಳವಾದರೂ ಇಲ್ಲದಿಲ್ಲ. ಅವರಿಗೆ ನಾವು ಹೋಮಾಯ್ ವ್ಯಾರಾವಾಲಾ ಅವರ ಹೆಸರನ್ನು ಹೇಳುತ್ತೇವೆ. 1913ರಲ್ಲಿ ನವಸಾರಿಯಲ್ಲಿ ಹುಟ್ಟಿದ ಈ ಮಹಿಳೆ ನಮ್ಮ ದೇಶದ ಮೊದಲನೆಯ ಪತ್ರಿಕಾ ಛಾಯಾಗ್ರಾಹಕಿ. ಸೀರೆಯುಟ್ಟು, ರೋಲಿಫ್ಲೆಕ್ಸ್ ಕ್ಯಾಮರಾವನ್ನು ಹಿಡಿದು, ಗಂಡಸರ ಗುಂಪಿನಲ್ಲಿ ಒಬ್ಬರೇ ನಿಂತು ಅವರು ಸ್ವಾತಂತ್ರ್ಯೋದಯದ ದಿನಗಳ ಪಟಗಳನ್ನು ತೆಗೆದರು. ಪ್ರಾರಂಭದಲ್ಲಿ ಅವರ ಪಟಗಳು ಪತಿಯ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. 2011ರಲ್ಲಿ ಸರಕಾರವು ಅವರಿಗೆ ಪದ್ಮವಿಭೂಷಣವನ್ನಿತ್ತು ಗೌರವಿಸಿತು. 2012ರಲ್ಲಿ ಅವರು ತೀರಿಕೊಂಡರು. ನಮ್ಮ ಸಂಚಿಕೆಯ ಪಟಗಳ ಕೆಳಗೆ ಈ ಸಲ ತೆಗೆದ ಹುಡುಗಿಯರ ಹೆಸರುಗಳನ್ನೇ ಅಚ್ಚು ಹಾಕಿಸಿರುವುದನ್ನು ಓದುಗರು ಗಮನಿಸಬೇಕಾಗಿ ಕೋರುತ್ತೇವೆ.

ಕ್ಯಾಮರಾವನ್ನು ಶಾಲೆಗೆ ಒಪ್ಪಿಸುವಾಗ ಮುಖ್ಯೋಪಾಧ್ಯಾಯಿನಿಯವರ ಅನುಮತಿಯಿಂದ ಮೂರು ನಿಯಮಗಳನ್ನು ಬರೆದು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದೇವೆ. ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಯಾವ ಹುಡುಗಿಯ ಪಟವನ್ನೂ ಶಾಲೆಯ ಹೊರಗೆ ಕಳುಹಿಸಕೂಡದು. ತೆಗೆದ ಪಟಗಳನ್ನು ಅದೇ ವಾರದಲ್ಲಿ ಎರಡು ಬೇರೆ ಬೇರೆ ಸ್ಥಳಗಳಲ್ಲಿ ಪ್ರತಿ ಮಾಡಿ, ಪಟದಲ್ಲಿರುವ ಎಲ್ಲರ ಹೆಸರನ್ನೂ ಎಡದಿಂದ ಬಲಕ್ಕೆ ಬರೆದಿಡಬೇಕು. ವರ್ಷಕ್ಕೊಮ್ಮೆ ಅಡಿಗೆಯವರು, ಜಾಡಮಾಲಿ, ಕಾವಲುಗಾರ, ಬಸ್ಸಿನ ಚಾಲಕ ಇವರೆಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿ ಪಟ ತೆಗೆದು, ಒಂದೊಂದು ಪ್ರತಿಯನ್ನು ಅವರ ಮನೆಗೆ ಕೊಡಬೇಕು. ಈ ಮೂರನೆಯ ನಿಯಮದ ಪ್ರಕಾರ ತೆಗೆದ ಮೊದಲನೆಯ ಪಟವು ಈಗ ಕಚೇರಿಯ ಗೋಡೆಯ ಮೇಲಿದೆ.

ಹಣ ಕೊಟ್ಟ ಸೋದರಿಯರೆಲ್ಲರಿಗೂ ಶಾಲೆಯ ಪರವಾಗಿ ನಮ್ಮ ಹೃತ್ಪೂರ್ವಕ ವಂದನೆಗಳು. ಖರ್ಚಿನ ಪಟ್ಟಿಯು ಕಚೇರಿಯಲ್ಲಿ ಯಾರು ಬೇಕಾದರೂ ನೋಡುವಂತೆ ಇದೆ. ನಿಮ್ಮ ಮನೆಯ ಪೆಟ್ಟಿಗೆಗಳಲ್ಲಿ ಶಾಲೆಯ ಹಳೆಯ ಪಟಗಳು ಇದ್ದಲ್ಲಿ, ಅವು ಎಷ್ಟೇ ಮಾಸಿರಲಿ, ದಯವಿಟ್ಟು ತಂದು ತೋರಿಸಿರಿ. ಪ್ರತಿ ತೆಗೆದುಕೊಂಡು ಅಂದೇ ಹಿಂದಿರುಗಿಸುವೆವು. ಬರುವಾಗ ಅದರಲ್ಲಿರುವವರ ಹೆಸರುಗಳನ್ನು ನೆನಪು ಮಾಡಿಕೊಂಡು ಒಂದು ಕಾಗದದಲ್ಲಿ ಬರೆದುಕೊಂಡು ಬನ್ನಿರಿ. ಮುಖವನ್ನು ಕ್ಯಾಮರಾ ಉಳಿಸಬಲ್ಲದು; ಹೆಸರನ್ನು ಉಳಿಸತಕ್ಕವರು ನೀವೇ.